ಬೀದಿ ಕಾಮಗಾರಿಯ ಫೈಲು ಓದುವುದು ಹೇಗೆ: ಟೆಂಡರ್ ಆಗಿದ್ದರೂ, ಆಗದಿದ್ದರೂ

ಚರಂಡಿ ಅಗೆದಿರುತ್ತಾರೆ. ಚಪ್ಪಡಿ ಎಬ್ಬಿಸಿ ನಿಮ್ಮ ಕಾಂಪೌಂಡಿಗೆ ಒರಗಿಸಿರುತ್ತಾರೆ. ಬೋರ್ಡ್ ಇರಲ್ಲ. ಕೇಳಿದರೆ ಮೇಸ್ತ್ರಿ "ನಂಗೊತ್ತಿಲ್ಲ ಮೇಡಂ, ಕಂಟ್ರಾಕ್ಟರ್‌ನ ಕೇಳಿ" ಅನ್ನುತ್ತಾನೆ. ಕಂಟ್ರಾಕ್ಟರ್ ಯಾರು ಅಂದರೆ ಅದೂ ಗೊತ್ತಿಲ್ಲ. ಬೆಂಗಳೂರಿನಲ್ಲಿ ಇದನ್ನು ನೋಡದವರು ಯಾರಿದ್ದಾರೆ?

ನಾನು ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದು ನಿವೃತ್ತಳಾದವಳು. ಪುರಸಭೆ, ನಗರಸಭೆಗಳ ಫೈಲು ಓದಿ ತಕರಾರು ಬರೆಯುವುದೇ ನನ್ನ ಉದ್ಯೋಗವಾಗಿತ್ತು. ಈಗ ಹನುಮಂತನಗರದ ಮನೆಯಲ್ಲಿ ಕೂತು ಅಕ್ಕಪಕ್ಕದವರಿಗೆ ಅರ್ಜಿ ಬರೆದುಕೊಡುತ್ತೇನೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ: "ಇದಕ್ಕೆ ಟೆಂಡರ್ ಆಗಿದೆಯಾ?"

ಕೇಳಬೇಕಾದ ಪ್ರಶ್ನೆಯೇ. ಆದರೆ ಅಲ್ಲಿಗೇ ನಿಂತರೆ ಏನೂ ಸಿಗುವುದಿಲ್ಲ. ಟೆಂಡರ್ ಕಾನೂನು ಪ್ರಕಾರವೇ ಆಗಿ, ಕಾಂಕ್ರೀಟ್ ಮಾತ್ರ ತೆಳ್ಳಗಿರಬಹುದು. 2021ರಲ್ಲಿ 40 ಪರ್ಸೆಂಟ್ ಕಮಿಷನ್ ಅಂತ ಪ್ರಧಾನಿಗೆ ಪತ್ರ ಬರೆದು ಆರೋಪ ಮಾಡಿದ್ದು ಬೇರೆ ಯಾರೂ ಅಲ್ಲ, ಟೆಂಡರ್‌ನಲ್ಲಿ ಕೆಲಸ ಹಿಡಿಯುವ ಗುತ್ತಿಗೆದಾರರ ಸಂಘವೇ. ಇನ್ನೊಂದು ಕಡೆ, ಟೆಂಡರೇ ಇಲ್ಲದೆ ಪಾಲಿಕೆಯ ಸ್ವಂತ ಜನ ಮಾಡಿದ ಕೆಲಸ ಚೆನ್ನಾಗಿಯೂ ಇರಬಹುದು. ಫೈಲಿನಲ್ಲಿ ಟೆಂಡರ್ ಅನ್ನುವುದು ಮಧ್ಯದ ಕೆಲವು ಹಾಳೆ ಅಷ್ಟೇ. ಅದಕ್ಕಿಂತ ಮುಂಚೆ ಎಸ್ಟಿಮೇಟ್, ಅಂದರೆ ಕೆಲಸದ ಅಂದಾಜು ಪಟ್ಟಿ ಇರುತ್ತದೆ, ಆಮೇಲೆ ಮಾಡಿದ ಕೆಲಸ ಅಳೆದು ಬರೆದಿಡುವ ಅಳತೆ ಪುಸ್ತಕ, ಅಂದರೆ ಎಂಬಿ ಇರುತ್ತದೆ. ಕೆಲಸ ಯಾರೇ ಮಾಡಲಿ, ಈ ಎರಡು ಇರಲೇಬೇಕು. ನಾನು ಹೇಳಿಕೊಡುವುದು ಇವೆರಡನ್ನು ಕೈಗೆ ತಂದುಕೊಳ್ಳುವುದು ಹೇಗೆ, ಬೀದಿಯ ಪಕ್ಕ ಇಟ್ಟು ಓದುವುದು ಹೇಗೆ ಅಂತ.

ಮೊದಲ ಕೆಲಸ, ಫೋಟೋ. ಕಾಮಗಾರಿ ಶುರುವಾದ ದಿನವೇ ತೆಗೆಯಿರಿ. ಹಳೆಯ ಚಪ್ಪಡಿ, ಹಳೆಯ ಕಲ್ಲು, ಅಗೆದ ಗುಂಡಿಯ ಆಳ ಎಲ್ಲ ಬರಲಿ. ಗುಂಡಿಯಲ್ಲಿ ಒಂದು ಅಡಿಪಟ್ಟಿ ನಿಲ್ಲಿಸಿ ತೆಗೆದರೆ ಇನ್ನೂ ಒಳ್ಳೆಯದು. ಮುಚ್ಚಿದ ಮೇಲೆ ಅದನ್ನು ತೋರಿಸುವವರು ಯಾರೂ ಇರುವುದಿಲ್ಲ.

ಆಮೇಲೆ ಕೆಲಸದ ಗುರುತು ಬೇಕು. ಪಾಲಿಕೆಯ ಪ್ರತಿ ಕಾಮಗಾರಿಗೂ ಒಂದು ಜಾಬ್ ನಂಬರ್ ಇರುತ್ತದೆ. ಬಿಲ್ ಪಾವತಿಯಾಗುವುದು ಅದರ ಮೇಲೆಯೇ. ಬೋರ್ಡ್ ಹಾಕಿದ್ದರೆ ಅದರಲ್ಲೇ ಸಿಗುತ್ತದೆ. ಇಲ್ಲದಿದ್ದರೆ ವಾರ್ಡ್ ಎಂಜಿನಿಯರ್ ಕಚೇರಿಗೆ ಹೋಗಿ ಕೇಳಿ. ಜಗಳದ ದನಿಯಲ್ಲಿ ಬೇಡ. "ಸರ್, ನಮ್ಮ ಬೀದಿ ಚರಂಡಿ ಕೆಲಸದ ಜಾಬ್ ನಂಬರ್ ಬರೆದುಕೊಡ್ತೀರಾ" ಅಂದರೆ ಬಹಳ ಜನ ಕೊಡುತ್ತಾರೆ. ಕಾಮಗಾರಿಯ ಪೂರ್ತಿ ಹೆಸರನ್ನೂ ಬರೆದುಕೊಳ್ಳಿ. ಇದು ಮುಖ್ಯ. ನಿಮ್ಮ ಬೀದಿಯ ಕೆಲಸ "ವಾರ್ಡಿನ ವಿವಿಧ ರಸ್ತೆಗಳಲ್ಲಿ ಚರಂಡಿ ಮತ್ತು ಪಾದಚಾರಿ ಮಾರ್ಗ ಅಭಿವೃದ್ಧಿ" ಅನ್ನುವ ಹೆಸರಿನೊಳಗೆ ಅಡಗಿರುತ್ತದೆ. ನನಗೆ ಈ "ವಿವಿಧ" ಕಂಡರೆ ಆಗುವುದಿಲ್ಲ. ಯಾವ ಬೀದಿಯ ಖರ್ಚು ಎಲ್ಲಿ ಬಿತ್ತು ಅಂತ ಹುಡುಕಲು ಆಗದ ಹಾಗೆ ಮಾಡುವುದೇ ಅದರ ಕೆಲಸ.

ಇನ್ನು ಕೆಲಸ ಯಾವ ದಾರಿಯಲ್ಲಿ ಬಂತು ಅನ್ನುವುದು. ಕರ್ನಾಟಕದಲ್ಲಿ ಸರ್ಕಾರಿ ಖರೀದಿ, ಕಾಮಗಾರಿಗೆಲ್ಲ ಒಂದು ಕಾಯ್ದೆ ಇದೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999. ಕಚೇರಿಗಳಲ್ಲಿ ಕೆಟಿಪಿಪಿ ಅಂತಲೇ ಕರೆಯುತ್ತಾರೆ. ಟೆಂಡರ್ ಕರೆಯುವುದು ನಿಯಮ, ಕರೆಯದಿರುವುದು ವಿನಾಯಿತಿ. ಆ ವಿನಾಯಿತಿಗಳೆಲ್ಲ 4ನೇ ಸೆಕ್ಷನ್ನಿನಲ್ಲಿವೆ. ಪ್ರಕೃತಿ ವಿಕೋಪದಂಥ ತುರ್ತು, ಒಬ್ಬರ ಹತ್ತಿರ ಮಾತ್ರ ಸಿಗುವ ವಸ್ತು, ಸಣ್ಣ ಮೊತ್ತದ ಕೆಲಸ, ಹೀಗೆ. ಇವುಗಳ ಜೊತೆ 4(ಜಿ) ಅಂತ ಒಂದಿದೆ: ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸಕ್ಕೆ ಟೆಂಡರ್ ಬೇಡ ಅನ್ನಬಹುದು. ಪತ್ರಿಕೆಗಳಲ್ಲಿ "4ಜಿ ವಿನಾಯಿತಿ" ಅಂತ ಓದಿರುತ್ತೀರಿ, ಅಲ್ವಾ? ಮೊಬೈಲ್ ನೆಟ್‌ವರ್ಕ್ ಅಲ್ಲ, ಇದು.

ಹಿಂದೆ ಲ್ಯಾಂಡ್ ಆರ್ಮಿ ಅಂತಿದ್ದ ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರ, ಇಂಥ ಸರ್ಕಾರದ್ದೇ ನಿರ್ಮಾಣ ಸಂಸ್ಥೆಗಳಿಗೆ ಕೆಲಸ ಹೋಗುವುದು ಬಹಳ ಸಲ ಇಂಥ ವಿನಾಯಿತಿಯಲ್ಲೇ. ಸರ್ಕಾರಿ ಸಂಸ್ಥೆಗೆ ಸರ್ಕಾರಿ ಕೆಲಸ, ನಡುವೆ ಟೆಂಡರ್ ಯಾಕೆ ಅನ್ನುವುದು ವಾದ. ಆದರೆ ಬೀದಿಗೆ ಬಂದು ಕೆಲಸ ಮಾಡುವವರು ಆ ಸಂಸ್ಥೆಯ ನೌಕರರಲ್ಲ. ಗ್ರೂಪ್ ಲೀಡರ್ ಅನ್ನುವವರ ಮೂಲಕ ಮಾಡಿಸುತ್ತಾರೆ. ಹಾಗಾಗಿ "ನಮ್ಮದೇ ಸಂಸ್ಥೆ ಮಾಡಿದೆ" ಅನ್ನುವ ಮಾತಿಗೆ ಮರುಳಾಗಬೇಡಿ. ಇದಲ್ಲದೆ ತುಂಡು ಗುತ್ತಿಗೆ ಇದೆ. ಒಂದೇ ರಸ್ತೆಯ ಕೆಲಸವನ್ನು ನಾಲ್ಕಾರು ತುಂಡು ಮಾಡಿ, ಪ್ರತಿಯೊಂದನ್ನೂ ಟೆಂಡರ್ ಮಿತಿಯ ಕೆಳಗೆ ತಂದರೆ ಟೆಂಡರ್ ತಪ್ಪುತ್ತದೆ. ಒಂದೇ ತಿಂಗಳಲ್ಲಿ, ಒಂದೇ ರಸ್ತೆಗೆ, ಮಿತಿಗಿಂತ ಸ್ವಲ್ಪವೇ ಕಡಿಮೆ ಮೊತ್ತದ ಮೂರ್ನಾಲ್ಕು ಜಾಬ್ ನಂಬರ್ ಕಂಡರೆ ಪೆನ್ಸಿಲ್ ತೆಗೆದು ಗೆರೆ ಹಾಕಿ.

ಟೆಂಡರ್ ಆಗಿದೆ ಅಂದರೆ ಕೆಪಿಪಿಪಿ ತೆರೆಯಿರಿ. ಕರ್ನಾಟಕ ಸಾರ್ವಜನಿಕ ಖರೀದಿ ಪೋರ್ಟಲ್. ಪ್ರಕಟವಾದ ಟೆಂಡರ್ ನೋಡಲು ಲಾಗಿನ್ ಬೇಡ. ಹುಡುಕುವಾಗ ಒಂದು ತಲೆನೋವು ಇದೆ. ಬಡಾವಣೆಯ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ತರಹ ಬರೆದಿರುತ್ತಾರೆ. ಹನುಮಂತನಗರಕ್ಕೆ 'ಎಚ್' ಹಾಕಿಯೂ ಹುಡುಕಿ, ತೆಗೆದೂ ಹುಡುಕಿ. ಸಿಕ್ಕಿದ ಮೇಲೆ ನೋಡಬೇಕಾದ್ದು ಹೆಚ್ಚೇನಿಲ್ಲ. ಪ್ರಕಟವಾದ ದಿನ, ಕೊನೆಯ ದಿನ, ಟೆಂಡರಿಗಿಟ್ಟ ಮೊತ್ತ, ಎಷ್ಟು ಜನ ಬಿಡ್ ಹಾಕಿದರು. ಟೆಂಡರ್ ಹಾಕಲು ಕನಿಷ್ಠ ಇಷ್ಟು ದಿನ ಕೊಡಬೇಕು ಅಂತ ಕೆಟಿಪಿಪಿ ನಿಯಮದಲ್ಲೇ ಇದೆ. ಅದನ್ನು ಕಡಿಮೆ ಮಾಡಬೇಕಾದರೆ ಟೆಂಡರ್ ಕರೆಯುವವರಿಗಿಂತ ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಬೇಕು. ಮಾರ್ಚ್ ಹತ್ತಿರ ಬಂದಾಗ "ಅಲ್ಪಾವಧಿ ಟೆಂಡರ್" ಜಾಸ್ತಿ. ಆಗ ನೀವು ಕೇಳಬೇಕಾದ ಹಾಳೆ ಅದೇ, ಕಾರಣ ಬರೆದ ಟಿಪ್ಪಣಿ. ಬಿಡ್ ಸೋತ ಗುತ್ತಿಗೆದಾರ ಕಾಯ್ದೆಯ ಪ್ರಕಾರ ಮೇಲ್ಮನವಿ ಹಾಕಬಹುದು. ಬೀದಿಯವರಿಗೆ ಆ ದಾರಿ ಇಲ್ಲ. ನಮಗಿರುವುದು ಮಾಹಿತಿ ಹಕ್ಕು.

ಆರ್‌ಟಿಐ ಅರ್ಜಿಗೆ ಬರೋಣ. ಇಲ್ಲೇ ಜನ ಎಡವುವುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು. ಜನ ಮೂರು ಪುಟ ಬರೆದು ತರುತ್ತಾರೆ. ಅದರಲ್ಲಿ ಎರಡೂವರೆ ಪುಟ ಸಿಟ್ಟು. ಇನ್ನೊಂದು, "ಯಾಕೆ" ಅಂತ ಕೇಳಬೇಡಿ. "ಚರಂಡಿ ಯಾಕೆ ಕಳಪೆಯಾಗಿದೆ" ಅಂತ ಕೇಳಿದರೆ "ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ" ಅಂತ ಒಂದು ಸಾಲಿನ ಉತ್ತರ ಬರುತ್ತದೆ. ಕಾಗದ ಕೇಳಿ, ಕಾಗದದ ಹೆಸರು ಹಿಡಿದು ಕೇಳಿ. ನಾನು ಬರೆದುಕೊಡುವುದು ಹೀಗಿರುತ್ತದೆ:

"ವಿಷಯ: ಜಾಬ್ ನಂಬರ್ ಇಂತಿಷ್ಟು, ಇಂಥ ಮುಖ್ಯರಸ್ತೆಯ ಚರಂಡಿ ಕಾಮಗಾರಿ. ಇದಕ್ಕೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ನೀಡಿ. ತಾಂತ್ರಿಕ ಮಂಜೂರಾತಿ ಪಡೆದ ವಿವರವಾದ ಅಂದಾಜು ಪಟ್ಟಿ. ಟೆಂಡರ್ ಕರೆದಿದ್ದರೆ ಟೆಂಡರ್ ಪ್ರಕಟಣೆ ಮತ್ತು ದರಗಳ ತುಲನಾ ಪಟ್ಟಿ. ಕರೆಯದಿದ್ದರೆ ವಿನಾಯಿತಿ ನೀಡಿದ ಆದೇಶ. ಕಾರ್ಯಾದೇಶ ಮತ್ತು ಕರಾರು ಪತ್ರ. ಅಳತೆ ಪುಸ್ತಕದ ಸಂಬಂಧಿತ ಪುಟಗಳು. ಪಾವತಿಸಿದ ಬಿಲ್ಲುಗಳು. ಗುಣಮಟ್ಟ ಪರೀಕ್ಷಾ ವರದಿ. ಕಡತ ಮತ್ತು ಅಳತೆ ಪುಸ್ತಕವನ್ನು ಖುದ್ದಾಗಿ ನೋಡಲು ದಿನ, ಸಮಯ ತಿಳಿಸಿ."

ಅಷ್ಟೇ. "ಕರೆಯದಿದ್ದರೆ" ಅನ್ನುವ ಸಾಲು ಬಿಡಬೇಡಿ. ಅದು ಇಲ್ಲದಿದ್ದರೆ "ಈ ಕಾಮಗಾರಿಗೆ ಟೆಂಡರ್ ಕರೆದಿರುವುದಿಲ್ಲ" ಅಂತ ಬರೆದು ಅರ್ಜಿ ಮುಚ್ಚುತ್ತಾರೆ. ಕೊನೆಯ ಸಾಲೂ ಬೇಕು. ಫೈಲು ನೋಡುವುದು, ಕೆಲಸದ ಜಾಗ ಪರಿಶೀಲಿಸುವುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ತೆಗೆದುಕೊಳ್ಳುವುದು ಕೂಡ 2005ರ ಕಾಯ್ದೆಯ 2(ಜೆ) ಪ್ರಕಾರ ಮಾಹಿತಿ ಹಕ್ಕೇ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಪ್ರತಿ ಪುಟಕ್ಕೆ 2 ರೂಪಾಯಿ ಆಮೇಲೆ ಕೇಳುತ್ತಾರೆ. ಬಿಪಿಎಲ್ ಕಾರ್ಡ್ ಇರುವವರಿಗೆ ಅರ್ಜಿ ಶುಲ್ಕ ಇಲ್ಲ. ರಾಜ್ಯದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲೂ ಹಾಕಬಹುದು.

ಈಗ ಒಂದು ಹೊಸ ಗೊಂದಲ ಸೇರಿಕೊಂಡಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ಪಾಲಿಕೆ. ಹಳೆಯ ಕಾಮಗಾರಿಯ ಫೈಲು ಈಗ ಯಾರ ಬೀರುವಿನಲ್ಲಿದೆ ಅಂತ ನೀವು ಹುಡುಕುತ್ತಾ ಓಡಾಡಬೇಕಿಲ್ಲ. ತಪ್ಪಾದ ಕಚೇರಿಗೆ ಅರ್ಜಿ ಹೋದರೆ ಅವರೇ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. ಅದು ಸೆಕ್ಷನ್ 6(3). ಅರ್ಜಿಯ ಕೊನೆಗೆ ಈ ಸೆಕ್ಷನ್ ಒಂದು ಸಾಲಿನಲ್ಲಿ ಬರೆದುಬಿಡಿ.

ಸಬೂಬುಗಳು ಬರುತ್ತವೆ. "ಗುತ್ತಿಗೆದಾರರ ವ್ಯಾಪಾರ ರಹಸ್ಯ, 8(1)(ಡಿ)" ಅನ್ನುವುದು ಒಂದು. ಎಸ್ಟಿಮೇಟ್ ಬರೆದದ್ದು ಸರ್ಕಾರಿ ಎಂಜಿನಿಯರ್, ಎಂಬಿ ಬರೆದದ್ದೂ ಅವರೇ. ಅದರಲ್ಲಿ ಗುತ್ತಿಗೆದಾರನ ರಹಸ್ಯ ಎಲ್ಲಿಂದ ಬಂತು? ಮೇಲ್ಮನವಿಯಲ್ಲಿ ಇದನ್ನೇ ಬರೆಯಿರಿ. ಇನ್ನೊಂದು ಸಬೂಬು ನನಗೆ ಹಳೆಯ ಪರಿಚಯ. ಒಂದು ಕಚೇರಿಯಲ್ಲಿ ಎಂಬಿ ತೋರಿಸಿ ಅಂದಾಗ "ಆಡಿಟ್‌ಗೆ ಹೋಗಿದೆ ಅಮ್ಮ" ಅಂದರು. "ಯಾವ ದಿನ ಹೋಯಿತು? ಎಂಬಿ ಮೂವ್‌ಮೆಂಟ್ ರಿಜಿಸ್ಟರ್‌ನಲ್ಲಿ ಎಂಟ್ರಿ ತೋರಿಸಿ, ಸಾಕು" ಅಂದೆ. ಊಟದ ಹೊತ್ತಿಗೆ ಪುಸ್ತಕ ಅವರದೇ ಬೀರುವಿನಲ್ಲಿ ಸಿಕ್ಕಿತು.

ಎಂಬಿ ಕೈಗೆ ಬಂತು ಅಂತ ಇಟ್ಟುಕೊಳ್ಳಿ. ಹೆದರಬೇಡಿ, ಅದು ಹಾಲಿನ ಲೆಕ್ಕದ ಪುಸ್ತಕದಷ್ಟೇ ಸರಳ. ಮೇಲೆ ಕಾಮಗಾರಿಯ ಹೆಸರು, ಕರಾರು ಸಂಖ್ಯೆ, ಅಳತೆ ತೆಗೆದ ದಿನ. ಕೆಳಗೆ ಪ್ರತಿ ಐಟಂಗೂ ಸಾಲು: ಸಂಖ್ಯೆ, ಉದ್ದ, ಅಗಲ, ದಪ್ಪ ಅಥವಾ ಆಳ, ಒಟ್ಟು ಪ್ರಮಾಣ. ಅಳತೆ ತೆಗೆದ ಎಂಜಿನಿಯರ್ ಸಹಿ, ಅದನ್ನು ಮರುಪರಿಶೀಲಿಸಿದ ಮೇಲಿನವರ ಸಹಿ. ಅಳತೆಯ ದಿನಾಂಕ ಮೊದಲು ನೋಡಿ. ಕೆಲಸ ಮುಗಿಯುವ ಮುಂಚೆಯೇ ಫೈನಲ್ ಅಳತೆ ಆಗಿದ್ದರೆ ನಿಮ್ಮ ಫೋಟೋಗೆ ಬೆಲೆ ಬರುವುದು ಆಗ.

ಉದಾಹರಣೆ ಕೊಡುತ್ತೇನೆ. ಚರಂಡಿಯ ಮೇಲೆ ಕಾಂಕ್ರೀಟ್ ಹೊದಿಕೆ ಅಂತ ಎಂಬಿಯಲ್ಲಿ ಇದೆ. ಉದ್ದ 120 ಮೀಟರ್, ಅಗಲ 0.90, ದಪ್ಪ 0.10. ಗುಣಿಸಿದರೆ 10.8 ಘನ ಮೀಟರ್. ನೀವು ಟೇಪು ಹಿಡಿದು ಹೋಗಿ. ಉದ್ದ, ಅಗಲ ಸರಿ ಬರುತ್ತದೆ, ಅದು ಎಲ್ಲರ ಕಣ್ಣಿಗೆ ಕಾಣುವಂಥದ್ದು, ಅಲ್ಲಿ ಯಾರೂ ಕೈ ಹಾಕುವುದಿಲ್ಲ. ದಪ್ಪ ಅಳೆಯಿರಿ. ಹೊದಿಕೆ ಮುಗಿಯುವ ಅಂಚಿನಲ್ಲಿ, ಗಾಳಿಕಿಂಡಿ ಬಿಟ್ಟ ಕಡೆ ಪಟ್ಟಿ ಇಳಿಸಿದರೆ ಸಿಗುತ್ತದೆ. 10 ಸೆಂಟಿಮೀಟರ್ ಇರಬೇಕಾದ್ದು ಏಳೂವರೆ ಇದ್ದರೆ ಪ್ರಮಾಣ 8.1 ಘನ ಮೀಟರ್. 2.7 ಕಡಿಮೆ, ಅಂದರೆ ಕಾಲು ಭಾಗ ಕಾಂಕ್ರೀಟ್ ಹಾಕಿಯೇ ಇಲ್ಲ, ಬಿಲ್ ಮಾತ್ರ ಪೂರ್ತಿ. ಮೂರ್ನಾಲ್ಕು ಕಡೆ ಅಳೆದು, ಪ್ರತಿ ಕಡೆಯೂ ಎದುರಿನ ಮನೆ ನಂಬರ್ ಬರೆದುಕೊಳ್ಳಿ. ನಮ್ಮ ಬೀದಿಯಲ್ಲಿ ಟೇಪಿನ ಇನ್ನೊಂದು ತುದಿ ಹಿಡಿಯಲು ಪಕ್ಕದ ಮನೆಯ ಮೇಷ್ಟ್ರು ಬರುತ್ತಾರೆ. ಒಬ್ಬರೇ ಹೋಗಬೇಡಿ. ಸಾಕ್ಷಿಗೂ ಆಯಿತು, ಧೈರ್ಯಕ್ಕೂ ಆಯಿತು.

ಎಸ್ಟಿಮೇಟಿನ ಅಳತೆಯೇ ಎಂಬಿಯಲ್ಲಿ ದಶಾಂಶವೂ ಬದಲಾಗದೆ ಕೂತಿದ್ದರೆ ನನಗೆ ಅನುಮಾನ. ಬೀದಿ ಅಂದರೆ ಗೇಟು ಬರುತ್ತದೆ, ಮರ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಬರುತ್ತದೆ. ಅಲ್ಲೆಲ್ಲ ಕೆಲಸ ಒಂಚೂರು ಹೆಚ್ಚುಕಡಿಮೆ ಆಗಲೇಬೇಕು. ಆಗಿಲ್ಲ ಅಂದರೆ ಯಾರೋ ಟೇಪು ಹಿಡಿಯದೆ ಟೇಬಲ್ ಮೇಲೆ ಬರೆದಿದ್ದಾರೆ. ಚಪ್ಪಡಿಯ ವಿಷಯವೂ ಹಾಗೆಯೇ. "ಹಳೆ ಚಪ್ಪಡಿ ತೆಗೆದು ಮತ್ತೆ ಹೊದಿಸುವುದು" ಒಂದು ಐಟಂ, "ಹೊಸ ಚಪ್ಪಡಿ ಸರಬರಾಜು ಮಾಡಿ ಹೊದಿಸುವುದು" ಇನ್ನೊಂದು, ದರ ಬೇರೆ ಬೇರೆ. ಮೊದಲ ದಿನ ತೆಗೆದ ಫೋಟೋದಲ್ಲಿರುವ ಒಡಕು ಮೂಲೆಯ ಕಲ್ಲೇ ಮತ್ತೆ ಅಲ್ಲಿ ಮಲಗಿದ್ದರೆ, ಬಿಲ್ಲಿನಲ್ಲಿ ಯಾವ ಐಟಂ ಇದೆ ನೋಡಿ.

ಹೂಳು ಎತ್ತುವ ಕೆಲಸ ಮಾತ್ರ ಕಷ್ಟ. ಒಂದು ಮಳೆ ಬಂದರೆ ಎತ್ತಿದ್ದರಾ ಇಲ್ಲವಾ ಅಂತ ದೇವರಿಗೇ ಗೊತ್ತು. ಅಲ್ಲಿ ಲಾರಿಯ ಟ್ರಿಪ್ ಶೀಟ್ ಕೇಳಿ. ಅದರಲ್ಲಿರುವ ಗಾಡಿ ನಂಬರನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ, ಅದು ಲಾರಿಯೇ ಹೌದಾ ನೋಡಿ. ತಮಾಷೆಯಲ್ಲ, ಬಿಹಾರದ ಮೇವು ಹಗರಣದಲ್ಲಿ ದನ ಸಾಗಿಸಿದ "ಲಾರಿ"ಗಳ ನಂಬರು ಸ್ಕೂಟರಿನದ್ದಾಗಿದ್ದು ಗೊತ್ತಾದದ್ದು ಆಡಿಟ್‌ನಲ್ಲೇ.

ಇನ್ನು ಪಾಲಿಕೆ ತಾನೇ ಮಾಡುವ ಸೇವೆ. ಬೀದಿ ಗುಡಿಸುವುದು ಅದರಲ್ಲಿ ದೊಡ್ಡದು. ಹಿಂದೆ ಪೌರಕಾರ್ಮಿಕರು ಗುತ್ತಿಗೆದಾರರ ಕೈಯಲ್ಲಿದ್ದರು. ಇಲ್ಲದವರ ಹೆಸರಲ್ಲಿ ಬಿಲ್, ಇರುವವರಿಗೆ ಪಿಎಫ್, ಇಎಸ್‌ಐ ಕಟ್ಟದಿರುವುದು, ಹೀಗೆ ದೂರುಗಳು ಬೆಳೆದವು. 2017ರಲ್ಲಿ ಸರ್ಕಾರ ಈ ಗುತ್ತಿಗೆ ಪದ್ಧತಿ ತೆಗೆದು ನೇರ ಪಾವತಿಗೆ ಬಂತು. 2025ರ ಮೇ 1ರಂದು 12,692 ಜನರಿಗೆ ಕಾಯಂ ನೇಮಕದ ಆದೇಶ ಸಿಕ್ಕಿತು. ನನ್ನ ಮಟ್ಟಿಗೆ ಅದು ಆಗಬೇಕಾಗಿದ್ದ ಕೆಲಸ. ಟೆಂಡರ್ ತೆಗೆದರೆ ಶಿಸ್ತು ಹೋಗುತ್ತದೆ ಅನ್ನುವವರಿಗೆ ನಾನು ಹೇಳುವುದು, ಟೆಂಡರ್ ಇದ್ದಾಗ ಯಾವ ಶಿಸ್ತಿತ್ತು ಅಂತ. ಆದರೆ ಸ್ವಂತ ಜನ ಅಂದ ಮಾತ್ರಕ್ಕೆ ಲೆಕ್ಕ ಬೇಡ ಅಂತಲ್ಲ. ನಿಮ್ಮ ವಾರ್ಡಿಗೆ ಎಷ್ಟು ಜನ ಮಂಜೂರಾಗಿದ್ದಾರೆ, ಎಷ್ಟು ಜನ ಕೆಲಸದಲ್ಲಿದ್ದಾರೆ, ಯಾವ ಬೀದಿ ಯಾರಿಗೆ ಹಂಚಿಕೆಯಾಗಿದೆ, ಹಾಜರಿ ಎಷ್ಟು, ಕೈಗವಸು, ಬೂಟು ಯಾವ ದಿನ ಕೊಟ್ಟರು. ಇಷ್ಟು ಕೇಳಿ. ಕೊನೆಯದನ್ನು ಬಿಡಬೇಡಿ. ಬಹಳ ಕಡೆ ಬೀದಿ ಗಲೀಜಾಗಲು ಕಾರಣ ಗುಡಿಸುವವರ ಸೋಮಾರಿತನವಲ್ಲ, ಮಂಜೂರಾದ ಜನವೇ ಇಲ್ಲದಿರುವುದು. ಬೆಳಿಗ್ಗೆ ಹಾಜರಿ ಹಾಕುವ ಜಾಗದಲ್ಲಿ ನಿಂತು ಮಾತಾಡಿಸಿದರೆ ಅವರೇ ಹೇಳುತ್ತಾರೆ.

ಈ ವಿಷಯದಲ್ಲಿ ಇಂಗ್ಲೆಂಡಿನವರು ಒಂದು ಕಾಲಕ್ಕೆ ವಿಪರೀತಕ್ಕೆ ಹೋಗಿದ್ದರು. 1980ರ ಕಾನೂನಿನಲ್ಲಿ, ಸ್ಥಳೀಯ ಕೌನ್ಸಿಲ್‌ಗಳ ಸ್ವಂತ ಕೆಲಸಗಾರರ ಪಡೆ ಕಟ್ಟಡ, ರಸ್ತೆ ಕೆಲಸಗಳಿಗೆ ಖಾಸಗಿಯವರ ಜೊತೆ ಪೈಪೋಟಿಗೆ ಇಳಿಯಬೇಕು, ಪ್ರತ್ಯೇಕ ಲೆಕ್ಕ ಇಡಬೇಕು, ಸರ್ಕಾರ ಹೇಳಿದಷ್ಟು ಆದಾಯ ತೋರಿಸಬೇಕು ಅಂತ ಮಾಡಿದರು. ತೋರಿಸದಿದ್ದರೆ ಆ ಪಡೆಯನ್ನೇ ಮುಚ್ಚಿಸುವ ಅಧಿಕಾರ ಮಂತ್ರಿಗೆ. 1988ರಲ್ಲಿ ಕಸ ಸಂಗ್ರಹ, ಬೀದಿ ಸ್ವಚ್ಛತೆಗೂ ವಿಸ್ತರಿಸಿದರು. 1999ರ ಕಾಯ್ದೆಯಲ್ಲಿ ಈ ಕಡ್ಡಾಯ ಕೈಬಿಟ್ಟರು. ಕಡ್ಡಾಯ ಟೆಂಡರ್ ನಮಗೆ ಬೇಡ. ಆದರೆ ಆ ಪ್ರತ್ಯೇಕ ಲೆಕ್ಕ ಮಾತ್ರ ಒಳ್ಳೆಯ ಯೋಚನೆ. ನಮ್ಮಲ್ಲಿ ಸ್ವಂತ ಕೆಲಸದ ಖರ್ಚು ಸಂಬಳದ ತಲೆಬರಹದಲ್ಲಿ ಒಂದಿಷ್ಟು, ವಾಹನದಲ್ಲಿ ಒಂದಿಷ್ಟು, ಸಾಮಗ್ರಿಯಲ್ಲಿ ಒಂದಿಷ್ಟು ಹೋಗಿ, ಒಂದು ಬೀದಿ ಗುಡಿಸಲು ಎಷ್ಟಾಯಿತು ಅಂತ ಕೂಡಿಸುವವರೇ ಇಲ್ಲ. ಪಾಲಿಕೆಯ ಬಜೆಟ್ ಪುಸ್ತಕ ಸಿಕ್ಕರೆ ಈ ಮೂರನ್ನೂ ನೀವೇ ಒಂದು ಹಾಳೆಯಲ್ಲಿ ಕೂಡಿಸಿ ನೋಡಿ.

ಲೆಕ್ಕ ತಾಳೆಯಾಗದಿದ್ದರೆ ಎಲ್ಲಿಗೆ? ಮೊದಲು ಕಾರ್ಯಪಾಲಕ ಎಂಜಿನಿಯರ್‌ಗೆ ಲಿಖಿತವಾಗಿ ಕೊಡಿ. ಅಳತೆ ಪಟ್ಟಿ, ಎಂಬಿ ಪುಟದ ಪ್ರತಿ, ಫೋಟೋ ಲಗತ್ತಿಸಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅದರ ಒಂದು ಪ್ರತಿ ಮುಖ್ಯ ಲೆಕ್ಕಪರಿಶೋಧಕರಿಗೂ ಹೋಗಲಿ. ಆಡಿಟ್‌ನವರು ಎಲ್ಲ ಬೀದಿಗೂ ಬಂದು ಅಳೆಯಲಾರರು, ಆರಿಸಿದ ಕೆಲವು ಫೈಲು ಮಾತ್ರ ನೋಡುತ್ತಾರೆ. ಹೊರಗಿನಿಂದ ಅಳತೆ ಸಮೇತ ಬಂದ ಕಾಗದ ಇದ್ದರೆ ಆ ಫೈಲು ಆರಿಸಿಕೊಳ್ಳಲು ಅವರಿಗೊಂದು ಕಾರಣ ಸಿಗುತ್ತದೆ. ಒಳಗಿದ್ದವಳಾಗಿ ಹೇಳುತ್ತಿದ್ದೇನೆ. ಚುನಾಯಿತ ಕೌನ್ಸಿಲ್ ಇದ್ದಾಗ ಲೆಕ್ಕಪತ್ರ ಸ್ಥಾಯಿ ಸಮಿತಿಗೆ ಕೊಡುವ ದಾರಿಯೂ ಇತ್ತು. 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದು ಆಡಳಿತಾಧಿಕಾರಿ ಬಂದ ಮೇಲೆ ಅದು ಕಡಿದುಹೋಯಿತು. ಲಂಚದ, ಅಧಿಕಾರ ದುರುಪಯೋಗದ ವಾಸನೆ ಇದ್ದರೆ ಲೋಕಾಯುಕ್ತ. ಅಲ್ಲಿ ಬಿಳಿ ಹಾಳೆಯ ದೂರು ಸಾಲದು. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ ಬೇಕು. ಪ್ರಮಾಣ ಮಾಡಿ ಹೇಳುವುದರಿಂದ ನೀವೇ ಅಳೆದದ್ದನ್ನು ಮಾತ್ರ ಬರೆಯಿರಿ. "ಎಲ್ಲರೂ ಹೇಳ್ತಾರೆ" ಅನ್ನುವುದನ್ನು ಬಿಡಿ.

ಕರಾರು ಪತ್ರದಲ್ಲಿ ದೋಷ ಹೊಣೆ ಅವಧಿ ಅಂತ ಒಂದು ಕಲಂ ಇರುತ್ತದೆ, ಡಿಎಲ್‌ಪಿ ಅನ್ನುತ್ತಾರೆ. ಆ ಅವಧಿಯಲ್ಲಿ ಒಡೆದರೆ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿ ಮಾಡಬೇಕು. ಎಷ್ಟೋ ಸಲ ಈ ಅವಧಿ ಇರುವಾಗಲೇ ಅದೇ ಜಾಗಕ್ಕೆ ಹೊಸ ಎಸ್ಟಿಮೇಟ್ ತಯಾರಾಗುತ್ತದೆ. ಮುಕ್ತಾಯದ ದಿನಾಂಕದಿಂದ ಎಣಿಸಿ, ಡಿಎಲ್‌ಪಿ ಮುಗಿಯುವ ದಿನವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಅದಕ್ಕೆ ಒಂದು ತಿಂಗಳು ಮುಂಚೆ ಬೀದಿ ಒಮ್ಮೆ ಸುತ್ತಿ, ಒಡಕುಗಳ ಪಟ್ಟಿ ಮಾಡಿ ಕೊಡಿ.

ಆರ್‌ಟಿಐಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಅರ್ಧಂಬರ್ಧ ಬಂದರೆ, ಮತ್ತೆ 30 ದಿನದೊಳಗೆ ಅದೇ ಸಂಸ್ಥೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗದಲ್ಲಿ ಸರದಿ ಬರುವುದು ತಡ. ಹಾಗಂತ ಸುಮ್ನೆ ಕೂರಬೇಡಿ. ಅಷ್ಟರಲ್ಲಿ ಖುದ್ದು ಪರಿಶೀಲನೆಗೆ ಮಾತ್ರ ಪ್ರತ್ಯೇಕವಾಗಿ ಇನ್ನೊಂದು ಅರ್ಜಿ ಹಾಕಿ. ಪ್ರತಿ ಕೊಡಲು ಹಿಂದೇಟು ಹಾಕುವ ಕಚೇರಿ ಎಷ್ಟೋ ಸಲ ನೋಡಲು ಬಿಡುತ್ತದೆ. ನೋಟ್‌ಬುಕ್ಕು, ಪೆನ್ನು, ಕ್ಯಾಲ್ಕುಲೇಟರ್ ತೆಗೆದುಕೊಂಡು ಹೋಗಿ.